ಬಾವಿ ಕಡೆಯ ರಾಶಿ

೧೨ ಆಗಸ್ಟ್ ೨೦೦೫, ಬಾಳಗಡಿ

ಇವತ್ತು ಕಾಫಿಬೀಜ ಪುಡಿ ಮಾಡುವ ಕೈಮೆಷಿನ್ ಕೊಂಡು ತಂದೆ. ಇವರಿಗೆ ಅಂಗಡಿಗೆ ಊಟ ಒಯ್ದು ಕೊಟ್ಟು ಕೊಪ್ಪದಿಂದ ವಾಪಸು ಬರುವಾಗ ಮಹಮ್ಮದ್ ಶಫಿಯವರ ಹಳೆ ಸಾಮಾನಿನ ಅಂಗಡಿಯಲ್ಲಿ ಕಣ್ಣಿಗೆ ಬಿತ್ತು. ಹಲಗೆಯ ಅಂಚಿಗೆ ತಿರುಪು ಹಾಕಿ ಬಿಗಿಯುವಂಥದು, ಮೇಲೆ ಅಗಲ ಬಾಯಿ, ಪಕ್ಕದಲ್ಲಿ ಮರದ ಹಿಡಿ. ನಮ್ಮ ಎನ್.ಆರ್.ಪುರದ ಮನೆಯಲ್ಲಿ ಇದ್ದದ್ದೂ ಇದೇ ಜಾತಿಯದು.

"ಮಿಕ್ಸಿ ಇದ್ಯಲ್ಲ ಮಾರಾಯ್ತಿ, ಇದೆಂಥಕ್ಕೆ?" ಎಂದರು ಇವರು. ಮಿಕ್ಸಿ ನಮ್ಮ ಪಾಲಿಗೆ ಬಂದದ್ದರಿಂದಲೇ ಇದು ಬೇಕಾಯಿತು ಎಂದು ಗಂಡಸರಿಗೆ ಹೇಗೆ ಹೇಳುವುದು.

ಮೇ ತಿಂಗಳಲ್ಲಿ ಮನೆ ಪಾಲಾಯಿತು. ಅಣ್ಣತಮ್ಮಂದಿರಿಗೆ ಜಗಳವೇನೂ ಇರಲಿಲ್ಲ. ಕೊಪ್ಪದಲ್ಲೂ ಒಂದು ಬಟ್ಟೆ ಅಂಗಡಿ ತೆರೆಯೋಣ, ತಮ್ಮ ಅದನ್ನು ನೋಡಿಕೊಳ್ಳಲಿ, ಜಗಳ ಬರುವ ಮೊದಲೇ ಬೇರೆಯಾದರೆ ಪ್ರೀತಿ ಉಳಿಯುತ್ತದೆ ಎಂದು ಶಿವಶಂಕರಪ್ಪ ಭಾವ ಹೇಳಿದರು, ಇವರು ತಲೆ ಆಡಿಸಿದರು. ಈಗಲೂ ಇಬ್ಬರೂ ದಿನ ಬಿಟ್ಟು ದಿನ ಫೋನಿನಲ್ಲಿ ಹರಟುತ್ತಾರೆ. ಅಂಗಡಿ, ಗದ್ದೆ ಎಲ್ಲ ತಾವು ನೋಡಿಕೊಂಡು, ಪಾತ್ರೆಪಗಡ ಮಾತ್ರ ಹೆಂಗಸರು ಹಂಚಿಕೊಳ್ಳಲಿ ಎಂದು ನನಗೂ ನನ್ನ ವಾರಗಿತ್ತಿ ಕಲ್ಲಮ್ಮನವರಿಗೂ ಬಿಟ್ಟರು.

ನಮ್ಮ ಮನೆತನದ ರೂಢಿ ಇರುವುದು ಹೀಗೆ. ದೊಡ್ಡವಳು ಎರಡು ರಾಶಿ ಮಾಡಬೇಕು, ಚಿಕ್ಕವಳು ಮೊದಲು ಆರಿಸಬೇಕು. ಚಿಕ್ಕವಳು ಆರಿಸುವಾಗ ದೊಡ್ಡವಳು ಬೆನ್ನು ತಿರುಗಿಸಿ ನಿಲ್ಲಬೇಕು, ಬಾಯಿ ಬಿಡಬಾರದು. ಹಾಗೆ ಮಾಡಿದರೆ ಮೋಸಕ್ಕೆ ದಾರಿಯಿಲ್ಲ ಎಂದು ಹಿರಿಯರ ಲೆಕ್ಕ. ಹಿರಿಯರು ಬಹಳ ಬುದ್ಧಿವಂತರು.

ಕಲ್ಲಮ್ಮನವರು ಹಿತ್ತಿಲಲ್ಲಿ ಬಚ್ಚಲ ಕಡೆ ಒಂದು, ಬಾವಿ ಕಡೆ ಒಂದು ರಾಶಿ ಮಾಡಿದರು. ಬಚ್ಚಲ ಕಡೆ ಮಿಕ್ಸಿ, ಗ್ಯಾಸ್ ಒಲೆ, ಕುಕ್ಕರು, ಸ್ಟೀಲ್ ಡ್ರಮ್ಮುಗಳು, ಎಲ್ಲ ಹೊಸದು. ಬಾವಿ ಕಡೆ ಕಾಫಿ ಮೆಷಿನ್, ರೊಟ್ಟಿ ಕಾವಲಿ, ಶಾವಿಗೆ ಒರಳು, ಹಿತ್ತಾಳೆ ಗಿಂಡಿ, ಎಲ್ಲ ನಮ್ಮತ್ತೆಯ ಕಾಲದ್ದು. ಮದುವೆಯಾಗಿ ಬಂದಂದಿನಿಂದ ನನ್ನ ಕೈ ಆಡಿದ್ದೆಲ್ಲ ಆ ಕಡೆಯೇ ಇತ್ತು. ಓಡಿಹೋಗಿ ಮುಟ್ಟಬೇಕು ಎನಿಸಿತು. ಆದರೆ ನೋಡುತ್ತೇನೆ, ಆ ರಾಶಿಯನ್ನು ಅವರು ಹುಣಸೆಹಣ್ಣು ಹಾಕಿ ಬಂಗಾರದ ಹಾಗೆ ತಿಕ್ಕಿ ಇಟ್ಟಿದ್ದಾರೆ. ಬಚ್ಚಲ ಕಡೆಯದಕ್ಕೆ ಬಟ್ಟೆಯನ್ನೂ ತಾಗಿಸಿಲ್ಲ. ತನಗೆ ಬೇಕಾದದ್ದನ್ನಲ್ಲದೆ ಬೇರೆಯವರ ಮನೆಗೆ ಹೋಗುವುದನ್ನು ಯಾರಾದರೂ ಅಷ್ಟು ಮುತುವರ್ಜಿಯಿಂದ ತಿಕ್ಕುತ್ತಾರೆಯೇ? ಅತ್ತೆಯ ಸಾಮಾನು ಹಿರಿಸೊಸೆಗೆ ಸೇರಬೇಕು ಎಂದು ಅವರ ಮನಸ್ಸಿನಲ್ಲಿದೆ, ಮಿಕ್ಸಿ ತೋರಿಸಿದರೆ ಇವಳು ಆಸೆಗೆ ಬೀಳುತ್ತಾಳೆ ಎಂದುಕೊಂಡಿದ್ದಾರೆ. ಇರಲಿ, ಇಟ್ಟುಕೊಳ್ಳಲಿ ಎಂದು ಬಚ್ಚಲ ಕಡೆಯ ರಾಶಿ ಮುಟ್ಟಿದೆ. ಮುಟ್ಟಿದ ಮೇಲಾದರೂ 'ಅದು ಬೇಡ ಕಣೆ, ಇದು ತಗೋ' ಎನ್ನಬಹುದಿತ್ತು. ತಿರುಗಿ, ನನ್ನ ಕೈ ಎಲ್ಲಿದೆ ಎಂದು ನೋಡಿ, ಒಳಗೆ ಹೋದರು. ನಾವು ಲಾರಿ ಹತ್ತುವಾಗಲೂ ಹೊರಗೆ ಬರಲಿಲ್ಲ.

ಇಪ್ಪತ್ತೆಂಟು ವರ್ಷ ಅಕ್ಕ, ಅಕ್ಕ ಎಂದು ಹಿಂದೆ ಸುತ್ತಿದ್ದಕ್ಕೆ ಇದು. ಇನ್ನು ಮೇಲೆ ಇಲ್ಲಿ ಕಲ್ಲಮ್ಮನವರು ಎಂದೇ ಬರೆಯುತ್ತೇನೆ. ಬಾವಿ ಕಡೆ ಇದ್ದದ್ದನ್ನೆಲ್ಲ ಒಂದೊಂದಾಗಿ ಕೊಂಡು ತೋರಿಸುತ್ತೇನೆ. ಯಾರಿಗೆ ತೋರಿಸುವುದು ಎಂದು ಕೇಳಬಾರದು.

೧೪ ಆಗಸ್ಟ್

ಇವರು ಮೆಷಿನ್ನನ್ನು ಅಡುಗೆಕಟ್ಟೆಯ ಎಡತುದಿಗೆ ಬಿಗಿದುಕೊಟ್ಟರು. ಅಲ್ಲಿ ಗೋಡೆ ಹತ್ತಿರ, ತಿರುಗಿಸುವಾಗ ಮೊಣಕೈ ತಾಗುತ್ತದೆ. "ಬಲಗಡೆ ಹಾಕ್ಲಾ? ನಿಂಗೆ ಸಲೀಸು" ಎಂದರು. ಬೇಡ ಎಂದೆ. ಮೆಷಿನ್ ಇರುವುದೇ ಎಡಕ್ಕೆ.

ಬೀಜ ಹುರಿದು ಪುಡಿ ಮಾಡಿ ಕಾಫಿ ಮಾಡಿದೆ. ಘಮ ಅದೇ, ಬಣ್ಣ ಅದೇ. ಕುಡಿಯುವಾಗ ಮಾತ್ರ ಏನೋ ಕಡಿಮೆ. ಬೀಜ ಹುರಿದದ್ದು ಸಾಲದೇನೋ.

೩೧ ಆಗಸ್ಟ್

ಶ್ವೇತಳ ಫೋನು. ಭಾವನವರ ಮಗಳು. ತರೀಕೆರೆಯ ಕಡೆಯವರು ಒಪ್ಪಿದರಂತೆ. ಹುಡುಗ ಬಸವೇಶ್, ಹೈಸ್ಕೂಲಿನಲ್ಲಿ ಮೇಷ್ಟ್ರು. ಫೆಬ್ರವರಿಯಲ್ಲಿ ಮದುವೆ.

"ಚಿಕ್ಕಮ್ಮ, ನೀನು ಬರ್ತೀಯಲ್ಲ?" ಎಂದು ಕೇಳಿದಳು.

"ಕರೆದ್ರೆ ಬರ್ತೀನಿ."

"ಕರೆಯೋದೆಂಥದು, ನಿಂದೇ ಮನೆ."

"ನಂದಾಗಿತ್ತು" ಎಂದೆ. ಮಗುವಿನ ಹತ್ತಿರ ಹೀಗೆ ಮಾತಾಡಬಾರದಿತ್ತು.

ನನಗೆ ಮಕ್ಕಳಾಗಲಿಲ್ಲ. ಶ್ವೇತ ಹುಟ್ಟಿದ ಮೇಲೆ ಅದರ ಚಿಂತೆಯನ್ನೂ ಬಿಟ್ಟೆ. ಹೆರಿಗೆಯ ನಂತರ ಕಲ್ಲಮ್ಮನವರು ಬಹಳ ದಿನ ಹಾಸಿಗೆ ಹಿಡಿದಿದ್ದರು, ಕೂಸಿಗೆ ಎಣ್ಣೆನೀರು ಹಾಕಿದ್ದೆಲ್ಲ ನನ್ನ ಮೊಣಕಾಲ ಮೇಲೆ. ಅವರು ಎದ್ದು ಓಡಾಡುವಂತಾದ ಮೇಲೂ ಕೂಸನ್ನು ವಾಪಸು ಕೇಳಲಿಲ್ಲ. ಅವಳ ಮದುವೆಯಲ್ಲಿ ನಾನು ಎಲ್ಲಿ ನಿಲ್ಲಬೇಕು? ನೆಂಟರ ಸಾಲಿನಲ್ಲೋ?

ಪಾಲಾದ ಮೇಲೆ ಬೇರೆ ಮನೆ ಬೇರೆ ಮನೆಯೇ. ಆ ಮನೆಯ ಹಿರಿಯ ಹೆಂಗಸು ತಾನೇ ಬಂದು, ಹಣೆಗೆ ಕುಂಕುಮ ಇಟ್ಟು, ಕೈಗೆ ಅಕ್ಷತೆ ಕೊಟ್ಟು ಕರೆಯಬೇಕು. ಗಂಡಸರ ಕೈಯಲ್ಲಿ ಕಾಗದ ಕಳಿಸಿದರೆ ಅದು ಊರಿನವರಿಗೆ ಕೊಟ್ಟ ಕರೆ. ಕಲ್ಲಮ್ಮನವರು ಬಂದರೆ ನಾನು ಹೋಗುತ್ತೇನೆ. ಬರದಿದ್ದರೆ ಹೋಗುವುದಿಲ್ಲ. ಇದನ್ನು ಬರೆದು ಇಡುತ್ತಿದ್ದೇನೆ, ಆಮೇಲೆ ಮನಸ್ಸು ಜಾರಬಾರದು.

೬ ಸೆಪ್ಟೆಂಬರ್

ಗೌರಿ ಹಬ್ಬ. ಇಬ್ಬರಿಗೆ ಎಷ್ಟು ಅಕ್ಕಿ ನೆನೆಸಬೇಕು ಎಂದು ಇನ್ನೂ ಅಂದಾಜು ಸಿಕ್ಕಿಲ್ಲ. ಕಡುಬು ನಾಳೆಗೂ ಆಗುತ್ತದೆ.

ಭಾವ ಫೋನ್ ಮಾಡಿದ್ದರು, ಇವರು ಮಾತಾಡಿದರು. ಕಲ್ಲಮ್ಮನವರು ಫೋನಿನ ಹತ್ತಿರ ಬರಲಿಲ್ಲ. ನಾನೂ ಅಲ್ಲೇ ಬಾಗಿಲ ಮರೆಯಲ್ಲಿದ್ದೆ, ನಾನೂ ಹೋಗಲಿಲ್ಲ.

೨೩ ಸೆಪ್ಟೆಂಬರ್

ಕಾವಲಿ ತಂದೆ. ಹೊಸದು, ದಪ್ಪ ಕಬ್ಬಿಣದ್ದು. ಹಳೆಯದು ಎಲ್ಲೂ ಸಿಗಲಿಲ್ಲ. ಹಳೆ ಕಾವಲಿಯನ್ನು ಯಾರೂ ಮಾರುವುದಿಲ್ಲವಂತೆ, ಶಫಿಯವರೇ ಹೇಳಿದರು.

ಮೊದಲ ರೊಟ್ಟಿ ಹಿಡಿದುಕೊಂಡಿತು. ಎರಡನೆಯದನ್ನು ಸೌಟಿನಿಂದ ಕೆರೆದು ತೆಗೆದೆ. ಮೂರನೆಯದನ್ನು ಇವರು ಉಪ್ಪಿಟ್ಟು ಎಂದು ತಿಂದರು. ಎಣ್ಣೆ ಸವರಿದೆ, ಈರುಳ್ಳಿ ತಿಕ್ಕಿದೆ, ಒಂದು ಹಗಲು ಗಂಜಿ ತುಂಬಿಸಿ ಇಟ್ಟೆ. ಕಬ್ಬಿಣಕ್ಕೂ ಹಟ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿಯ ಕಾವಲಿಯಲ್ಲಿ ರೊಟ್ಟಿ ತಾನೇ ಏಳುತ್ತಿತ್ತು, ಅಂಚು ಎತ್ತಿ 'ಮಗುಚು' ಎನ್ನುವ ಹಾಗೆ. ಅತ್ತೆ ಹಚ್ಚಿದ ಎಣ್ಣೆ, ಅವರ ಅತ್ತೆ ಹಚ್ಚಿದ ಎಣ್ಣೆ, ಎಲ್ಲ ಅದರೊಳಗೆ ಕೂತಿತ್ತು. ಆ ಕಾವಲಿ ಈಗ ಕಲ್ಲಮ್ಮನವರ ಒಲೆಯ ಮೇಲಿದೆ. ತಿನ್ನಲಿ, ದಿನಾ ಬಿಸಿರೊಟ್ಟಿ ತಿನ್ನಲಿ.

೯ ಅಕ್ಟೋಬರ್

ಶಾವಿಗೆ ಒರಳು ಸಿಕ್ಕಿತು. ಕಡಹಿನಬೈಲಿನ ಒಂದು ಮನೆಯಿಂದ ಬಂದದ್ದಂತೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ನಡುವೆ ಹಿತ್ತಾಳೆಯ ಅಚ್ಚು, ಮೇಲೆ ತಿರುಗಿಸುವ ಉದ್ದನೆಯ ಹಿಡಿ. ಶಫಿಯವರ ಹೆಂಡತಿ ಆಮಿನಾ ಅಂಗಡಿಯಲ್ಲಿದ್ದರು. "ಇದ್ಕೆ ಇಬ್ರು ಬೇಕಲ್ಲ ಯಮುನಕ್ಕ, ತಿರುಗ್ಸೋಕೆ ಒಬ್ರು, ಹಿಡಿಯೋಕೆ ಒಬ್ರು" ಎಂದರು. ಮನೆಯಲ್ಲಿ ಇಬ್ಬರಿದ್ದೇವೆ ಎಂದೆ.

ಬಟ್ಟೆ ಅಂಗಡಿಗೆ ರಜೆ ಇದ್ದದ್ದರಿಂದ ಇವರನ್ನೇ ನಿಲ್ಲಿಸಿದೆ. ಬೆಂದ ಅಕ್ಕಿಹಿಟ್ಟಿನ ಉಂಡೆಯನ್ನು ಬಿಸಿ ಇರುವಾಗಲೇ ಅಚ್ಚಿಗೆ ಹಾಕಿ ಒತ್ತಬೇಕು, ಆರಿದರೆ ಕಲ್ಲು. ನಾನು ಕೆಳಗೆ ತಟ್ಟೆ ಹಿಡಿದು ಕೂತು, ಸ್ಟ್ಯಾಂಡಿನ ಕಾಲುಗಳನ್ನು ಪಾದದಿಂದ ಒತ್ತಿ ಹಿಡಿದೆ. ಇವರು ಎರಡು ಸುತ್ತು ತಿರುಗಿಸಿದರು. ಅಷ್ಟರಲ್ಲಿ ಫೋನು. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಶರ್ಟಿಗೆ ಎರಡೂವರೆ ಮೀಟರು ಸಾಕೋ ಮೂರು ಬೇಕೋ ಎಂದು ಯಾರಿಗೋ ವಿವರಿಸುತ್ತ ನಿಂತರು. ಅಚ್ಚಿನ ತೂತುಗಳಿಂದ ಇಳಿದಿದ್ದ ಗೇಣುದ್ದದ ಶಾವಿಗೆ ಗಾಳಿಯಲ್ಲಿ ತೂಗುತ್ತ ಹಾಗೇ ಒಣಗಿತು. ಫೋನ್ ಇಟ್ಟು ಬಲ ಹಾಕಿ ತಿರುಗಿಸಿದರೆ ಹಿಡಿಯ ಜೊತೆ ಸ್ಟ್ಯಾಂಡೂ ಸುತ್ತಿತು, ನಾನೂ ಅರ್ಧ ಸುತ್ತು ಸುತ್ತಿದೆ.

"ನಂಗೆ ಕೈಯಲ್ಲಿ ಅಳೆಯೋದು ಗೊತ್ತು, ಒತ್ತೋದು ಗೊತ್ತಿಲ್ಲ ಮಾರಾಯ್ತಿ" ಎಂದು ಸೊಂಟ ಹಿಡಿದುಕೊಂಡರು. ಬೈಯಲೂ ಮನಸ್ಸು ಬರಲಿಲ್ಲ.

ಅಲ್ಲಿ ನಾವು ಹೆಂಗಸರಿಬ್ಬರೂ ಒರಳಿಗೆ ಕೂತರೆ ಮುಗಿಯುವವರೆಗೆ ಏಳುತ್ತಿರಲಿಲ್ಲ. ಅಕ್ಕ ತಿರುಗಿಸುವಾಗ ನಿಲ್ಲಿಸುತ್ತಿರಲಿಲ್ಲ, ನಾನು ಹಿಡಿಯುವಾಗ ತಪ್ಪುತ್ತಿರಲಿಲ್ಲ, ಬಾಯಿ ಮಾತ್ರ ಎರಡೂ ಕಡೆ ನಡೆಯುತ್ತಿತ್ತು. ಶ್ವೇತಳನ್ನು ಕಾಲೇಜಿಗೆ ಕಳಿಸುವುದೋ ಬೇಡವೋ, ಗಂಡಸರನ್ನು ಯಾವಾಗ ಹೇಗೆ ಒಪ್ಪಿಸುವುದು, ಎಲ್ಲ ತೀರ್ಮಾನವಾಗುತ್ತಿದ್ದದ್ದು ಅಲ್ಲಿಯೇ. ನಮ್ಮ ನಗು ಜೋರಾದರೆ ಅತ್ತೆ ಒಳಗಿನಿಂದಲೇ, "ಶಾವಿಗೆ ಒತ್ತುತ್ತಿದ್ದೀರೋ ಊರು ಒತ್ತುತ್ತಿದ್ದೀರೋ?" ಎಂದು ಕೇಳುತ್ತಿದ್ದರು. ಕೊನೆಯ ಎಳೆ ಇಳಿಯುತ್ತಿದ್ದ ಹಾಗೆ ಅಕ್ಕ ಅದಕ್ಕೆ ಕಾಯಿಹಾಲು ಸುರಿದು, ಬೇರೆ ಯಾರಿಗೂ ಬಡಿಸುವ ಮೊದಲು ಅಲ್ಲೇ ನನ್ನ ಬಾಯಿಗೆ ಒಂದು ತುತ್ತು ಇಡುತ್ತಿದ್ದರು, ಉಪ್ಪು ನೋಡು ಎಂದು. ಶಾವಿಗೆಯ ಉಪ್ಪು ಒಂದು ದಿನವೂ ಹೆಚ್ಚುಕಮ್ಮಿ ಆದದ್ದಿಲ್ಲ.

೧೦ ಅಕ್ಟೋಬರ್

ಒರಳನ್ನು ಅಟ್ಟಕ್ಕೆ ಹಾಕಿಸಿದೆ. ಮಧ್ಯಾಹ್ನ ಮತ್ತೆ ಇಳಿಸಿಕೊಂಡೆ. ಅಡುಗೆಮನೆಯ ಆ ಮೂಲೆ ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲ.

೩ ನವೆಂಬರ್

ದೀಪಾವಳಿ ಮುಗಿಯಿತು. ಇವರು ನನ್ನ ಮುಖ ನೋಡಲಾರದೆ ಶೃಂಗೇರಿಗೆ ಕರೆದುಕೊಂಡು ಹೋದರು. ಹೊಳೆಯ ಮೀನುಗಳಿಗೆ ಪುರಿ ಹಾಕಿದೆವು. ಬರುವಾಗ ರಸ್ತೆ ಬದಿಯ ಪಾತ್ರೆ ಅಂಗಡಿಯಲ್ಲಿ ಗಿಂಡಿ ಸಿಕ್ಕಿತು, ಮೂತಿ ಸ್ವಲ್ಪ ಗಿಡ್ಡ, ಉಳಿದಂತೆ ಅದೇ. ಕಿಟಕಿಯ ಹತ್ತಿರ ಇಟ್ಟಿದ್ದೇನೆ.

ಈಗ ಹೆಚ್ಚುಕಡಿಮೆ ಎಲ್ಲವೂ ಆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಸಾಕು, ಅಲ್ಲಿಯದೇ ಮನೆ. ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಕೂತ ಸುಸ್ತು ಇರಬೇಕು.

ಮದುವೆಗೆ ಶ್ವೇತಳಿಗೆ ಏನು ಕೊಡುವುದು ಎಂದು ಇವರು ಕೇಳಿದರು. ಹೋಗುವುದೇ ಗೊತ್ತಿಲ್ಲದ ಮೇಲೆ ಕೊಡುವುದೇನು ಎಂದೆ. ಇವರು ಅಂಗಡಿಯ ಅತ್ಯಂತ ಒಳ್ಳೆಯ ರೇಷ್ಮೆ ಸೀರೆಯನ್ನು ಯಾರಿಗೂ ತೋರಿಸದೆ ಬೀರುವಿನ ಒಳಗೆ ಇಟ್ಟಿದ್ದಾರೆ ಎಂದು ನನಗೆ ಗೊತ್ತಿದೆ. ನನಗೆ ಗೊತ್ತು ಎಂದು ಅವರಿಗೆ ಗೊತ್ತಿಲ್ಲ.

೧೪ ಜನವರಿ ೨೦೦೬

ಸಂಕ್ರಾಂತಿ. ಭಾವ ಬಂದಿದ್ದರು. ಒಬ್ಬರೇ. ಮದುವೆ ಕಾಗದ ತಂದಿದ್ದರು. ಫೆಬ್ರವರಿ ಹನ್ನೆರಡು, ಭಾನುವಾರ.

"ಅವಳಿಗೆ ಮಂಡಿ ನೋವಮ್ಮ, ಬಸ್ಸು ಹತ್ತೋಕಾಗಲ್ಲ" ಎಂದರು. ಮಂಡಿ ನೋವು ಹಳೆಯದು, ಬಸ್ಸು ಹತ್ತಲಾರದಷ್ಟೇನಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಕಾಗದವನ್ನು ನನ್ನ ಕೈಗೆ ಕೊಡಬೇಕೋ ಟೇಬಲ್ ಮೇಲಿಡಬೇಕೋ ತಿಳಿಯದೆ ಎರಡು ಸಲ ಕೈ ನೀಡಿ ಹಿಂದೆ ತೆಗೆದುಕೊಂಡರು. ಕೊನೆಗೆ ಟೇಬಲ್ ಮೇಲಿಟ್ಟರು. ಕಾಫಿ ಕುಡಿದು, ಅಡುಗೆಮನೆಯ ಕಡೆ ನೋಡಿ, "ಷಡಕ್ಷರಿ, ನಮ್ಮನೇಲೇ ಕೂತಂಗಿದೆ ಮಾರಾಯ" ಎಂದು ತಮ್ಮನಿಗೆ ಹೇಳಿದರು.

ಎಳ್ಳು ಬೀರಬೇಕಿತ್ತು, ಯಾರ ಮನೆಗೂ ಹೋಗಲಿಲ್ಲ. ನಾನು ಮದುವೆಗೆ ಹೋಗುವುದಿಲ್ಲ.

೧೫ ಜನವರಿ

ಹೋಗುವುದಿಲ್ಲ.

೧೯ ಜನವರಿ

ಶ್ವೇತ ಬಂದಿದ್ದಳು. ಸೀರೆ ಆರಿಸಲು ಚಿಕ್ಕಪ್ಪನ ಅಂಗಡಿಗೆಂದು ಕೊಪ್ಪಕ್ಕೆ ಬಂದವಳು ಸೀದಾ ಬಾಳಗಡಿಗೆ ಬಂದಳು. ಪಾಲಾದ ಮೇಲೆ ಈ ಮನೆಗೆ ಅವಳು ಬಂದದ್ದು ಇದೇ ಮೊದಲು. ತೆಳ್ಳಗಾಗಿದ್ದಾಳೆ. ನೀರು ಕುಡಿಯಲು ಅಡುಗೆಮನೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಹೋಗಿ ನೋಡಿದರೆ ನಗುತ್ತಿದ್ದಾಳೆ, ಕಣ್ಣಲ್ಲಿ ನೀರು.

"ಚಿಕ್ಕಮ್ಮ, ಮೆಷಿನ್ ಯಾಕೆ ಎಡಗಡೆ ಹಾಕಿದೀಯ?"

"ಅದು ಇರೋದೇ ಎಡಗಡೆ."

"ಅಲ್ಲಿ ಎಡಗಡೆ ಇರೋದು ಅಮ್ಮ ಎಡಗೈಯವಳು ಅಂತ. ನಿಂದು ಬಲಗೈ ಅಲ್ವಾ?"

ನನ್ನ ಮೊಣಕೈ ನೋಡಿಕೊಂಡೆ. ಐದು ತಿಂಗಳಿಂದ ಗೋಡೆಗೆ ತಾಗಿ ತಾಗಿ ಕಪ್ಪಾಗಿದೆ.

ಆಮೇಲೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ರಾಶಿ ಮಾಡುವ ಮೊದಲು ಅಕ್ಕ ಮೂರು ದಿನ ಬಾವಿಕಟ್ಟೆಯಲ್ಲಿ ಕೂತು ಆ ಸಾಮಾನು ತಿಕ್ಕಿದ್ದಂತೆ. ಯಾಕಮ್ಮ ಎಂದು ಇವಳು ಕೇಳಿದರೆ, "ಯಮುನಂಗೆ ಮಸಿ ಹಿಡಿದಿದ್ದು ಕೊಡೋಕಾಗುತ್ತಾ" ಎಂದರಂತೆ. ನನ್ನ ಕೈ ಆಡಿದ್ದನ್ನೆಲ್ಲ ಹುಡುಕಿ ಹುಡುಕಿ ಒಂದೇ ಕಡೆ ಇಟ್ಟರಂತೆ, ನಾನು ಕಣ್ಣು ಮುಚ್ಚಿ ಆರಿಸಿದರೂ ತಪ್ಪಬಾರದು ಎಂದು. ನಾನು ಬಚ್ಚಲ ಕಡೆ ಮುಟ್ಟಿದ ದಿನ ಅಕ್ಕ ಊಟ ಮಾಡಲಿಲ್ಲ. ಬಾವಿ ಕಡೆಯ ಒಂದು ಸಾಮಾನನ್ನೂ ಇದುವರೆಗೆ ಬಳಸಿಲ್ಲ. ಹಿಂದಿನ ಕೋಣೆಯಲ್ಲಿ ಹಳೆ ಜಮಖಾನ ಹೊದಿಸಿ ಇಟ್ಟಿದ್ದಾರೆ.

"ಕರೆಯೋಕೆ ಹೋಗು ಅಂತ ನಾನೂ ಅಪ್ಪನೂ ಎಷ್ಟು ಹೇಳಿದ್ವಿ ಗೊತ್ತಾ? 'ಅಷ್ಟು ಪ್ರೀತಿಯಿಂದ ಇಟ್ಟಿದ್ದನ್ನೇ ಬೇಡ ಅಂದ್ಲು, ಕುಂಕುಮ ತಗೊಂಡು ಹೋದಾಗ ಅದನ್ನೂ ಬೇಡ ಅಂದ್ರೆ ನಾನು ಏನ್ ಮಾಡ್ಲಿ' ಅಂತಾಳೆ."

ಅವಳಿಗೆ ತಲೆ ಬಾಚಿ ಜಡೆ ಹಾಕಿ ಕಳಿಸಿದೆ.

೨೦ ಜನವರಿ

ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ. ಅಕ್ಕ ಬಾವಿಕಟ್ಟೆಯಲ್ಲಿ ಕೂತು ಗಿಂಡಿ ತಿಕ್ಕುವುದು ಕಣ್ಣ ಮುಂದೆ ಬರುತ್ತಿದೆ. ಮಂಡಿ ನೋವಿನ ಹೆಂಗಸು.

ರೂಢಿಯಂತೆ ಅವರು ತಿರುಗಿ ನಿಂತಿದ್ದರು, ನಾನೂ ಬಲ್ಲೆ. ಆದರೂ ಬಾಯಿ ಬಿಡಲಿಲ್ಲ ಎಂದು ಕೋಪ ಮಾಡಿಕೊಂಡೆ. ಅವರಿಗೆ ಬೇಕಿರಬಹುದು ಎಂದು ನಾನು ಬಿಟ್ಟೆ, ನನಗೇ ಎಂದು ಅವರು ಇಟ್ಟರು. ಇಬ್ಬರ ಒಳ್ಳೆಯತನಕ್ಕೆ ಸಿಕ್ಕಿ ಎಂಟು ತಿಂಗಳು ಹಾಳಾಯಿತು. ಸ್ವಲ್ಪ ಕೆಟ್ಟವರಾಗಿದ್ದರೆ ಇಷ್ಟು ಹೊತ್ತಿಗೆ ಒಂದೇ ಕಡೆ ಕೂತು ಹಪ್ಪಳ ಒತ್ತುತ್ತಿದ್ದೆವು.

ಈಗ ಹೋಗೋಣವೆಂದರೆ, ಕರೆಯದೆ ಹೇಗೆ ಹೋಗುವುದು. ಮದುವೆಮನೆಯಲ್ಲಿ ಹತ್ತು ಜನ ಇರುತ್ತಾರೆ, ಕರೆಯದೆ ಬಂದಳು ಎಂದು ನನ್ನನ್ನಾದರೂ ಅನ್ನಲಿ, ಕರೆಯಲೂ ಹೋಗಲಿಲ್ಲ ಎಂದು ಅಕ್ಕನನ್ನು ಅಂದರೆ? ಫೋನ್ ಮಾಡಿ ತಪ್ಪಾಯಿತು ಎನ್ನೋಣವೆಂದರೆ, ಯಾವುದನ್ನು ತಪ್ಪು ಎನ್ನುವುದು. ಕೊಂಡುಕೊಳ್ಳುವುದು ಸುಲಭ. ಅಂಗಡಿಗೆ ಹೋದರೆ ಆಯಿತು, ಯಾರನ್ನೂ ಏನೂ ಕೇಳಬೇಕಿಲ್ಲ.

ಕೇಳಿದರೆ ಸಣ್ಣವಳಾಗುತ್ತೇನೆ. ಆಗಲಿ. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಸಣ್ಣವಳೇ ತಾನೆ.

೨೧ ಜನವರಿ

ಬೆಳಿಗ್ಗೆ ಇವರು ಅಂಗಡಿಗೆ ಹೋದ ಮೇಲೆ ಎನ್.ಆರ್.ಪುರಕ್ಕೆ ಫೋನ್ ಮಾಡಿದೆ. ಭಾವ ಎತ್ತಿದರು. "ಅಕ್ಕಂಗೆ ಕೊಡಿ" ಎಂದೆ. ಅವರು ಒಂದು ಮಾತೂ ಆಡದೆ ಫೋನ್ ಕೆಳಗಿಟ್ಟು ಓಡಿದ್ದು ಕೇಳಿಸಿತು. ಆ ವಯಸ್ಸಿನಲ್ಲಿ ಓಡಬಾರದು.

ಆಮೇಲೆ ಉಸಿರು ಕೇಳಿಸಿತು, ಮಾತಿಲ್ಲ. ಅಕ್ಕನೆಂದು ಗೊತ್ತಾಯಿತು.

"ನಾನು ಅಕ್ಕ, ಯಮುನಾ. ಹೊಸ ಕಾವಲಿ ತಂದೆ. ರೊಟ್ಟಿ ಬಿಡ್ತಿಲ್ಲ."

"ಎಣ್ಣೆ ಸವರಿದ್ಯಾ?"

"ಸವರ್ದೆ."

"ಈರುಳ್ಳಿ?"

"ತಿಕ್ದೆ. ಗಂಜೀನೂ ಹಾಕಿಟ್ಟೆ. ಏನ್ ಮಾಡಿದ್ರೂ ಬಿಡ್ತಿಲ್ಲ ಅಕ್ಕ. ನಂಗೆ ನಮ್ಮ ಹಳೇ ಕಾವಲಿ ಬೇಕು."

"ಇಲ್ಲಿ ಹಾಲು ಉಕ್ತಿದೆ" ಎಂದು ಫೋನ್ ಇಟ್ಟರು. ಆ ಹೊತ್ತಿಗೆ ಅವರ ಮನೆಯಲ್ಲಿ ಹಾಲು ಕಾಯಿಸುವುದಿಲ್ಲ, ನನಗೆ ಗೊತ್ತು.

೨೪ ಜನವರಿ

ಅಕ್ಕ ಬಂದಿಲ್ಲ. ನಾನು ಕೇಳಿದ ರೀತಿ ಸರಿಯಿರಲಿಲ್ಲವೇನೋ. ಕಾವಲಿ ಬೇಕು ಎನ್ನುವ ಬದಲು ನೀವು ಬನ್ನಿ ಎನ್ನಬೇಕಿತ್ತು.

೨೬ ಜನವರಿ

ಬೆಳಿಗ್ಗೆ ಕಾಲೇಜಿನ ಕಡೆಯಿಂದ ಧ್ವಜದ ಹಾಡು ಕೇಳುತ್ತಿತ್ತು. ಗೇಟಿನ ಸದ್ದಾಯಿತು. ಹೊರಗೆ ಬಂದರೆ ಅಕ್ಕ. ಒಂದು ಕೈಯಲ್ಲಿ ಪೇಪರು ಸುತ್ತಿದ ಕಾವಲಿ, ಇನ್ನೊಂದು ಕೈ ಮಂಡಿಯ ಮೇಲೆ. ಒಬ್ಬರೇ ಬಂದಿದ್ದರು. ಕೂದಲು ಬೆಳ್ಳಗಾಗಿದೆ.

"ಬಸ್ಸಲ್ಲಿ ಬಂದ್ರಾ?" ಎಂದೆ.

"ಮತ್ತೆ ಹಾರ್ಕೊಂಡು ಬರ್ಲಾ" ಎಂದರು.

ಕಾಲಿಗೆ ನೀರು ಕೊಟ್ಟೆ. ಕುರ್ಚಿ ಎಳೆದರೆ ಕೂರಲಿಲ್ಲ, ಸೀದಾ ಅಡುಗೆಮನೆಗೆ ನಡೆದರು. ನಡುವೆ ನಿಂತು ಒಂದೊಂದೇ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ, ಪರೀಕ್ಷೆ ಬರೆದ ಹುಡುಗಿಯ ಹಾಗೆ. ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಸೆರಗು ಸಿಕ್ಕಿಸಿಕೊಂಡು ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿ ಕಾಫಿಬೀಜ ತೆಗೆದರು. ಮೆಷಿನ್ನಿಗೆ ಸುರಿದು ತಿರುಗಿಸಿದರು. ಮೇಲಿನ ಹಲಗೆಯಿಂದ ಲೋಟ, ಒಲೆಯ ಪಕ್ಕದ ಜಾಡಿಯಿಂದ ಬೆಲ್ಲ ತೆಗೆದರು. ನನ್ನ ಮನೆಗೆ ಮೊದಲ ಸಲ ಬಂದವರು ಯಾವುದು ಎಲ್ಲಿದೆ ಎಂದು ಒಂದು ಮಾತೂ ಕೇಳಲಿಲ್ಲ.

ಇಬ್ಬರೂ ನೆಲದ ಮೇಲೆ ಕೂತು ಕಾಫಿ ಕುಡಿದೆವು. ಬೀಜ ಹುರಿದದ್ದು ಸರಿಯಾಗಿಯೇ ಇತ್ತು.

"ಇಷ್ಟನ್ನೂ ಕೊಂಡ್ಯಾ?"

"ಕೊಂಡೆ."

"ಅಲ್ಲಿ ಎಲ್ಲ ಹಂಗೇ ಮುಚ್ಚಿಟ್ಟಿದ್ನಲ್ಲ ಮಾರಾಯ್ತಿ."

"ನನ್ಹತ್ರ ಮಿಕ್ಸಿ ಇದೆ, ತಗೊಂಡ್ ಹೋಗ್ತೀರಾ?"

"ನಂಗೆಂಥಕ್ಕೆ ಆ ಭೂತ. ನೀನು ಮುಟ್ಟಲ್ಲ ಅಂತಾನೇ ಆ ಕಡೆ ಹಾಕಿದ್ದು." ಹೇಳುತ್ತ ಹೇಳುತ್ತ ನಗಲು ಶುರು ಮಾಡಿದರು. ನನಗೂ ನಗು ಬಂತು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ತಿಳಿಯದು. ಅತ್ತೆವು, ಇಬ್ಬರೂ. ಬರೆಯಲು ನಾಚಿಕೆಯೇನಿಲ್ಲ.

ಆಮೇಲೆ ಎದ್ದು ಮುಖ ತೊಳೆದು, ಚೀಲದಿಂದ ಕುಂಕುಮದ ಭರಣಿ ತೆಗೆದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಹಣೆಗೆ ಇಟ್ಟರು, ಅಕ್ಷತೆ ಕೊಟ್ಟರು. "ಮದುವೆಗೆ ಎಲ್ಲರೂ ಬಂದು ನಡೆಸಿಕೊಡಬೇಕು" ಎಂದು ಹೊರಗಿನವರಿಗೆ ಹೇಳುವ ಹಾಗೆ ಪೂರ್ತಿ ಹೇಳಿದರು. ಭರಣಿಯನ್ನು ಮುಚ್ಚದೆ ಹಾಗೇ ಹಿಡಿದುಕೊಂಡಿದ್ದರು.

"ಇನ್ನೊಂದು ಮಾತು ಯಮುನಾ. ಅವತ್ತು ರೂಢಿ ಅಂತ ಸುಮ್ನೆ ನಿಂತೆ, ಕೆಟ್ಟೋಯ್ತು. ಇವತ್ತು ಬಾಯ್ಬಿಟ್ಟು ಹೇಳ್ತೀನಿ, ನೀನು ಅದು ಇದು ಆರ್ಸೋ ಹಾಗಿಲ್ಲ. ಧಾರೆ ಎರೆಯೋಕೆ ನೀನೂ ಷಡಕ್ಷರೀನೂ ಕೂತ್ಕೋಬೇಕು. ನಮ್ಮನೆಯೋರು ಒಪ್ಪಿದಾರೆ. ಶ್ವೇತ ಒಪ್ಪೋದೆಂಥ, ಅವಳೇ ಹೇಳಿದ್ದು."

"ಹೆತ್ತೋರು ಇರೋವಾಗ ನಾವೆಂಥ ಅಕ್ಕ."

"ಹೆತ್ತಿದ್ದು ನಾನೇ, ಯಾರು ಇಲ್ಲ ಅಂದ್ರು? ಜ್ವರ ಬಂದಾಗ ಅವಳು ಯಾರನ್ನ ಕೂಗ್ತಿದ್ಲು ಅಂತ ನಂಗೆ ಕೇಳಿಸ್ತಿರಲಿಲ್ವಾ?"

"ಹಂಗಾದ್ರೆ ಧಾರೆ ಹೊತ್ತಿಗೆ ನೀವೆಲ್ಲಿರ್ತೀರಿ?"

"ಅಡುಗೆ ಕಡೆ. ಅಷ್ಟು ಜನಕ್ಕೆ ಊಟ ಆಗ್ಬೇಕಲ್ಲ. ಅದನ್ನೂ ನೀನೇ ನೋಡ್ಕೊಳ್ತೀಯಾ?"

ಮಧ್ಯಾಹ್ನದ ಬಸ್ಸಿಗೆ ಹೋದರು. ಇದ್ದು ಹೋಗಿ ಎಂದರೆ ಕೇಳಲಿಲ್ಲ, ಮದುವೆಮನೆ ಬಿಟ್ಟು ಬಂದಿದ್ದೇನೆ, ನಾಳೆ ನೀನೇ ಬಾ, ಹಪ್ಪಳಕ್ಕೆ ಹಿಟ್ಟು ಕಲಸಿಟ್ಟಿರುತ್ತೇನೆ ಎಂದರು.

ಸಂಜೆ ಅಂಗಡಿಯಿಂದ ಬಂದ ಇವರಿಗೆ ಧಾರೆಯ ವಿಷಯ ಹೇಳಿದೆ. ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ದೀಪ ಹಚ್ಚಿ ಬಂದರೂ ಹಾಗೇ ಕೂತಿದ್ದರು. ಆಮೇಲೆ, "ಮಗಳ ಧಾರೆಗೆ ಅಪ್ಪ ಆದೋನು ಎಂಥ ಉಡ್ಬೇಕು? ಜರಿಪಂಚೆನೋ, ಬಿಳೀದೋ?" ಎಂದು ಮೆಲ್ಲಗೆ ಕೇಳಿದರು. ಎನ್.ಆರ್.ಪುರ, ಕೊಪ್ಪದ ಎಷ್ಟೋ ಜನ ಅಪ್ಪಂದಿರಿಗೆ ಮದುವೆ ಪಂಚೆಯನ್ನು ತಾವೇ ಆರಿಸಿ ಕೊಟ್ಟವರು.

ನನಗೂ ಗೊತ್ತಿಲ್ಲ ಎಂದೆ. ನಾಳೆ ಅಕ್ಕನನ್ನು ಕೇಳಬೇಕು.